ಕುರ್ಚಿಯಿಂದ ಎದ್ದೇಳು, ಪುಟ್ಟಿ

ವಿಶಾಖಪಟ್ಟಣ,
ಮಾರ್ಗಶಿರ ಮಾಸ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ನನ್ನ ಕಾಲಿನ ಕತೆ ಮುಗೀತು ಅಕ್ಕ, ಇನ್ನು ಕೂತಲ್ಲೇ ಕಾಲ ಕಳೆಯೋದು" ಅಂದೆಯಲ್ಲ, ಆ ಮಾತು ಕೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಇಂಥ ಮಾತು ಶುರುವಾದರೆ ನೀನು ಊಟ ಆಯ್ತಾ, ಮೊಮ್ಮಗಳ ಪರೀಕ್ಷೆ ಯಾವಾಗ ಎಂದು ಬೇರೆ ದಾರಿ ಹಿಡಿಯುತ್ತೀ. ಕಾಗದವಾದರೆ ಕಡೆಯವರೆಗೂ ಓದುತ್ತೀ. ನಾನು ಹಾಸ್ಟೆಲ್ಲಿನಿಂದ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ಮಡಿಕೆಯ ಅಂಚಿನಲ್ಲಿ ತುರುಕಿದ ಸಾಲನ್ನೂ ಬಿಡದೆ ಓದುತ್ತಿದ್ದವಳು ನೀನು.

ಇಲ್ಲಿ ಎಲ್ಲ ಕ್ಷೇಮ. ಬುರುಜುಪೇಟೆಯ ಕನಕಮಹಾಲಕ್ಷ್ಮಿ ಗುಡಿಯಲ್ಲಿ ಮಾರ್ಗಶಿರದ ಉತ್ಸವ ನಡೆದಿದೆ. ಗುರುವಾರದ ನೂಕುನುಗ್ಗಲು ಬೇಡವೆಂದು ಬೇರೆ ವಾರ ನೋಡಿಕೊಂಡು ಹೋಗಿಬಂದೆ. ಹೋಗುವಾಗ ಕೋಲು, ಬರುವಾಗ ಆಟೋ. ಸಾಲಿನಲ್ಲಿ ನಿಂತದ್ದಕ್ಕೆ ಸಂಜೆ ಮಂಡಿ ನೋಯಿತು. ಬಿಸಿನೀರಿನ ಶಾಖ ಕೊಟ್ಟು ಮಲಗಿದೆ, ಬೆಳಿಗ್ಗೆ ಎಂದಿನಂತೆ ಎದ್ದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಅಕ್ಕನಿಗೇನು, ಚೆನ್ನಾಗಿ ಓಡಾಡುತ್ತಾಳೆ ಎಂದು ನೀನು ತಿಳಿದಿದ್ದೀ. ನೋವೇ ಇಲ್ಲದ ದಿನ ನನಗೂ ಅಪರೂಪ. ನೋವು ಪೂರ್ತಿ ಹೋದ ಮೇಲೆ ನಡೆಯೋಣ ಎಂದು ಕಾಯುವುದನ್ನು ಮಾತ್ರ ನಾನು ಬಿಟ್ಟಿದ್ದೇನೆ. ಈ ಕಾಗದದಲ್ಲಿ ನಾನು ಹೇಳಬೇಕಾದದ್ದೂ ಅದೇ. ಉಳಿದದ್ದೆಲ್ಲ ಅದಕ್ಕೆ ವಿವರಣೆ.

ನಿನ್ನ ಎಕ್ಸ್‌ರೇ ನೋಡಿ "ಸವೆದುಹೋಗಿದೆ" ಅಂದರಂತೆ. ಆ ಒಂದು ಮಾತೇ ನಿನ್ನನ್ನು ಕುರ್ಚಿಗೆ ಕಟ್ಟಿಹಾಕಿತು ಎಂದು ನನಗನ್ನಿಸುತ್ತದೆ. ಸವೆದದ್ದನ್ನು ಬಳಸಿದರೆ ಇನ್ನಷ್ಟು ಸವೆಯುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಮೈ ಯಂತ್ರವಲ್ಲ. ಮಂಡಿಯೊಳಗಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲವಂತೆ. ಕೀಲಿನ ಸುತ್ತ ಇರುವ ದ್ರವವೇ ಅದಕ್ಕೆ ಆಹಾರ. ಹೆಜ್ಜೆ ಇಟ್ಟಾಗ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಎತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ನನಗೆ ವ್ಯಾಯಾಮ ಕಲಿಸಿದ ಫಿಸಿಯೋ ಹುಡುಗಿ ಇದನ್ನು ಹೇಳಿದ ದಿನ ನನಗೆ ಎಷ್ಟು ಧೈರ್ಯ ಬಂತು ಗೊತ್ತೇ? ಅಲುಗಾಡದೆ ಕೂತರೆ ಮಂಡಿಗೆ ವಿಶ್ರಾಂತಿ ಅಲ್ಲ, ಉಪವಾಸ. ಇನ್ನೊಂದು ಮಾತು: ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಮನುಷ್ಯ ಪಡುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಚಿತ್ರ ಕೆಟ್ಟದಾಗಿದ್ದೂ ಸರಾಗವಾಗಿ ಮೆಟ್ಟಿಲು ಹತ್ತುವವರಿದ್ದಾರೆ. ಆದ್ದರಿಂದ ಆ ಕಪ್ಪು ಹಾಳೆಯನ್ನು ಬೀರುವಿನಲ್ಲಿಡು, ದಿನಾ ತೆಗೆದು ನೋಡಬೇಡ.

ಅಮ್ಮ ನೆನಪಾಗುತ್ತಾಳೆ. ಕುಂದಾಪುರದ ಮನೆಯಲ್ಲಿ ಎಂಬತ್ತರ ಹತ್ತಿರವೂ ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು, ಗೋಡೆಯನ್ನೂ ಹಿಡಿಯದೆ ಏಳುತ್ತಿದ್ದಳು. ಮಳೆಗಾಲದಲ್ಲಿ ಗಂಟುನೋವು ಜೋರಾದರೆ ಹಂಡೆಯ ನೀರಿಗೆ ನೆಕ್ಕಿ ಸೊಪ್ಪು ಹಾಕಿ ಕುದಿಸಿ ಸ್ನಾನ. ಆ ವಾಸನೆ ಈಗಲೂ ಮೂಗಿನಲ್ಲಿದೆ. ನೆಕ್ಕಿ ಸೊಪ್ಪು ಸವೆದ ಕೀಲನ್ನು ಕಟ್ಟಿಕೊಡುತ್ತದೆ ಎಂದು ನಾನು ನಂಬುವುದಿಲ್ಲ, ಆದರೆ ಬಿಸಿನೀರು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಸಡಿಲಾದ ಕಾಲು ನಡೆಯುತ್ತದೆ. ಅಮ್ಮನ ಜಾಣತನ ಇದ್ದದ್ದು ಸ್ನಾನದ ಮೇಲೆ ಮಲಗದೆ ತೋಟಕ್ಕೆ ಒಂದು ಸುತ್ತು ಹೋಗುತ್ತಿದ್ದಳಲ್ಲ, ಅದರಲ್ಲಿ.

ಆಮೇಲೆ ಒಂದು ಜ್ವರ ಬಂತು. ಜ್ವರ ಇಳಿಯಿತು, ಅಮ್ಮ ಏಳಲಿಲ್ಲ. ನಮಗೆಲ್ಲ ಆಶ್ಚರ್ಯ, ಜ್ವರವೇ ಇಲ್ಲವಲ್ಲ, ಕಾಲಿಗೇನಾಯಿತು ಎಂದು. ಅದಕ್ಕೆ ಉತ್ತರ ನನಗೆ ಬಹಳ ವರ್ಷದ ಮೇಲೆ ಓದಿನಲ್ಲಿ ಸಿಕ್ಕಿತು. ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲೇ ಇರಿಸಿ ಅಮೆರಿಕದಲ್ಲಿ ಪರೀಕ್ಷಿಸಿದರು. 2007ರಲ್ಲಿ ಅದು ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲಿನ ಸ್ನಾಯು ಸುಮಾರು ಒಂದು ಕಿಲೋ ಕರಗಿತ್ತಂತೆ. ಯಾವ ರೋಗವೂ ಇಲ್ಲದವರಿಗೇ ಹೀಗಾದರೆ ಜ್ವರದಲ್ಲಿ ಬಳಲಿದ ಅಮ್ಮನಿಗೆ ಇನ್ನೆಷ್ಟು ಹೋಗಿರಬೇಕು!

ಓದಿ ಬೇಸರಪಡಬೇಡ, ಇದಕ್ಕೆ ಎದುರಾದ ಇನ್ನೊಂದು ಕತೆಯಿದೆ. ಬೋಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನವರಿಗೆ, 96 ವರ್ಷದವರೂ ಇದ್ದರು, 8 ವಾರ ಕಾಲಿನಿಂದ ತೂಕ ಎತ್ತಿಸಿ ವ್ಯಾಯಾಮ ಮಾಡಿಸಿದರು. ಪಟ್ಟು ಹಿಡಿದು ಮುಗಿಸಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಏರಿತು. 1990ರಷ್ಟು ಹಿಂದಿನ ಮಾತಿದು. ತೊಂಬತ್ತರಲ್ಲೂ ಸ್ನಾಯು ಕಲಿಯುತ್ತದೆ ಎಂದು ಗೊತ್ತಾಗಿ ಇಷ್ಟು ವರ್ಷವಾದರೂ ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ಹೇಳುವುದು ಒಂದೇ: ನೀವು ಕೂತಿರಿ, ನಾವು ತಂದುಕೊಡುತ್ತೇವೆ. ನಿನ್ನ ಸೊಸೆ ಬಂಗಾರದಂಥವಳು, ನೀರಿನ ಲೋಟವನ್ನೂ ಕೈಗೇ ಕೊಡುತ್ತಾಳೆ. ಅವಳಿಗೆ ಪ್ರೀತಿಯಿಂದಲೇ ಹೇಳು, ಲೋಟ ಅಡುಗೆಮನೆಯಲ್ಲೇ ಇರಲಿ, ನಾನೇ ಬಂದು ಕುಡಿಯುತ್ತೇನೆ ಎಂದು.

ಪುಟ್ಟಿ, ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಎಂದು ನಿನಗೆ ಗೊತ್ತಿರಬೇಕು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಈ ಊರಿಗೇ ಬಂದು ಅಪ್ಪಳಿಸಿತಲ್ಲ, ಮರವೆಲ್ಲ ಬಿದ್ದು ಕರೆಂಟು ಹೋಯಿತು. ಕರೆಂಟಿಲ್ಲದೆ ನೀರಿಲ್ಲ, ಲಿಫ್ಟಿಲ್ಲ. ಮೂರನೇ ಮಹಡಿಗೆ ಬಕೆಟ್ಟು ಹೊತ್ತು ಹತ್ತಿದೆ, ಅರ್ಧ ಬಕೆಟ್ಟು, ಅಂತಸ್ತಿಗೊಮ್ಮೆ ಕೂತು. ಅವತ್ತು ನನಗೆ ಕಾಲಿನ ಬೆಲೆ ತಿಳಿಯಿತು. ನಿನಗೆ 2024ರ ಸೆಪ್ಟೆಂಬರ್ ಒಂದನೇ ತಾರೀಖು ತಿಳಿಯಿತು. ವಿಜಯವಾಡದಲ್ಲಿ ಬುಡಮೇರು ಹೊಳೆ ಉಕ್ಕಿ ನಿಮ್ಮ ಸಿಂಗ್ ನಗರವೆಲ್ಲ ಮುಳುಗಿ, ನಿಮ್ಮ ಹಜಾರದಲ್ಲಿ ನೀರು ಏರುತ್ತಿದ್ದಾಗ ನಿನ್ನ ಯಜಮಾನರು ಹಿಂದಿನಿಂದ ಸೊಂಟ ಒತ್ತಿಹಿಡಿದು ನಿನ್ನನ್ನು ಮೇಲಿನ ಮನೆಗೆ ಹತ್ತಿಸಿದರು. ಡ್ರೋನಿನಲ್ಲಿ ಊಟದ ಪೊಟ್ಟಣ ಬಂತು ಎಂದು ನೀನು ಹೇಳಿದಾಗ ನಾನು ನಕ್ಕು ಆಮೇಲೆ ಅತ್ತಿದ್ದೆ. ಆ ಕೈ ಈಗ ಇಲ್ಲ. ಅವರು ಹೋದ ಮೇಲೆ ನೀನು ಮನೆಯಿಂದ ಹೊರಗೆ ಬಂದದ್ದೇ ಕಡಿಮೆ. ಮತ್ತೆ ನೀರು ಬರುವುದು ಬೇಡ, ಯಾರಿಗೂ ಬೇಡ. ಬಂದರೆ ನೀನು ಆ ಮೆಟ್ಟಿಲನ್ನು ನಿನ್ನ ಕಾಲಲ್ಲೇ ಹತ್ತಬೇಕು.

ಅವರು ಹೋದದ್ದಕ್ಕೂ ನಿನ್ನ ಮಂಡಿಗೂ ಸಂಬಂಧವಿದೆ. ಸುಮ್ಮನೆ ಹೇಳುತ್ತಿಲ್ಲ. ದುಃಖ, ನಿದ್ದೆಗೆಡುವುದು, ಒಂಟಿತನ, ಇವೆಲ್ಲ ನೋವನ್ನು ಹೆಚ್ಚಿಸುತ್ತವೆ. ಕೀಲಿನಿಂದ ಬಂದ ಸುದ್ದಿಯನ್ನು ಎಷ್ಟು ಗಟ್ಟಿಯಾಗಿ ಕೇಳಿಸಿಕೊಳ್ಳಬೇಕು ಎನ್ನುವುದನ್ನು ಮಿದುಳು ತೀರ್ಮಾನಿಸುತ್ತದೆ. ಹಾಗೆಂದು ನಿನ್ನ ನೋವು ಮನಸ್ಸಿನ ಕಲ್ಪನೆ ಅಂತ ಯಾರಾದರೂ ಅಂದರೆ ಅವರ ಮಾತು ಕೇಳಬೇಡ. ನೋವು ನಿಜ. ಅದನ್ನು ಇಳಿಸಲು ಮಂಡಿಯೊಂದನ್ನೇ ನೋಡಿದರೆ ಸಾಲದು ಅಷ್ಟೇ. ರಾತ್ರಿ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದನ್ನೂ ಡಾಕ್ಟರಿಗೆ ಹೇಳು. ನಾಚಿಕೆ ಪಡಬೇಡ.

ಈಗ ಕೆಲಸದ ಮಾತು. ನಿಮ್ಮ ಮನೆಯ ಹಳೆಯ ಮರದ ಕುರ್ಚಿ, ಕೈ ಇರುವುದು, ಅದನ್ನು ಗೋಡೆಗೆ ಒತ್ತಿ ಇಡು. ಮುಂದಕ್ಕೆ ಸರಿದು ಕೂತು, ಪಾದ ಸ್ವಲ್ಪ ಹಿಂದಕ್ಕೆಳೆದು, ಮೈ ಮುಂದೆ ಬಾಗಿಸಿ ಎದ್ದು ನಿಲ್ಲು. ಬೇಕಾದರೆ ಕುರ್ಚಿಯ ಕೈ ಹಿಡಿ. ಕೂರುವಾಗ ದೊಪ್ಪನೆ ಬೀಳದೆ ನಿಧಾನವಾಗಿ ಇಳಿ, ಆ ಇಳಿಯುವುದರಲ್ಲೂ ಶಕ್ತಿ ಬರುತ್ತದೆ. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ಸಾಕು. ಕೂತಲ್ಲೇ ಒಂದು ಕಾಲನ್ನು ನೇರ ಚಾಚಿ ತೊಡೆಯನ್ನು ಬಿಗಿದು ಐದು ಎಣಿಸು, ಇಳಿಸು. ಹಾಲು ಕಾಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತು. ಬೀಳದಿರುವುದಕ್ಕೂ ಅಭ್ಯಾಸ ಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು 65 ದಾಟಿದವರಿಗೆ ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುವಿಗೆ, ಮೂರು ದಿನ ಸಮತೋಲನಕ್ಕೆ ವ್ಯಾಯಾಮ ಬೇಕೆಂದು 2020ರಲ್ಲಿ ಹೇಳಿದ್ದಾರೆ. ಸಂಖ್ಯೆ ನೋಡಿ ಹೆದರಬೇಡ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು ಎಂದೂ ಅವರೇ ಹೇಳಿದ್ದಾರೆ.

ಎಷ್ಟು ಮಾಡಬೇಕು ಎನ್ನುವುದಕ್ಕೆ ನನಗೆ ಕಲಿಸಿದ ಒಂದು ಲೆಕ್ಕವಿದೆ. ಮಾಡುವಾಗ ಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮುಗಿಸಿ ಎರಡು ಗಂಟೆಯಾದ ಮೇಲೂ ಮೊದಲಿಗಿಂತ ಹೆಚ್ಚು ನೋಯುತ್ತಿದ್ದರೆ ಅವತ್ತು ಜಾಸ್ತಿಯಾಯಿತು ಅಂತ ಅರ್ಥ. ಮರುದಿನ ಕಡಿಮೆ ಮಾಡು, ನಿಲ್ಲಿಸಬೇಡ. ನಿನ್ನ ಸ್ವಭಾವ ನನಗೆ ಗೊತ್ತು. ಒಂದು ದಿನ ಹಗುರಾದರೆ ಕಪಾಟೆಲ್ಲ ಇಳಿಸಿ ಒರೆಸಿ, ಹಪ್ಪಳ ಒತ್ತಿ, ಮೂರು ದಿನ ಮಲಗುತ್ತೀ. ಒಳ್ಳೆಯ ದಿನದಲ್ಲಿ ಕೈ ಹಿಡಿದು ಮಾಡುವುದೇ ಕಷ್ಟ. ಆದರೆ ಅದನ್ನೇ ಕಲಿಯಬೇಕು.

ವೀಡಿಯೋ ಕರೆಯಲ್ಲಿ ನೋಡಿದೆ, ನೋಯುವ ಬಲಗಾಲಿನ ಕಡೆಗೇ ಕೋಲು ಹಿಡಿದಿದ್ದೀ. ಎಡಗೈಯಲ್ಲಿ ಹಿಡಿ. ಬಲಗಾಲು ಮುಂದೆ ಹೋಗುವಾಗ ಎಡಗೈಯ ಕೋಲು ಜೊತೆಗೆ ಹೋಗಬೇಕು, ಆಗ ಭಾರ ಹಂಚಿಹೋಗುತ್ತದೆ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಕೋಲಿನ ಹಿಡಿ ಬರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ತೂಕದ ಮಾತೆತ್ತಿದರೆ ನಿನಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆಯಾಗುತ್ತದಂತೆ. ಹತ್ತು ಕಿಲೋ ಇಳಿಸು ಎಂದು ಕೇಳುತ್ತಿಲ್ಲ, ಎರಡು ಇಳಿಸು.

ಇನ್ನು ಮಾತ್ರೆ. ಇದನ್ನು ಎರಡು ಸಲ ಓದು. ಬೀದಿಕೊನೆಯ ಅಂಗಡಿಯಲ್ಲಿ ನೀನು ಚೀಟಿಯಿಲ್ಲದೆ ತರಿಸುವ ಆ ನೋವಿನ ಮಾತ್ರೆ ನನಗೆ ಭಯ ಹುಟ್ಟಿಸುತ್ತದೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ಈ ಜಾತಿಯ ಮಾತ್ರೆಗಳು ದಿನಾ ಹೋದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತದೊತ್ತಡದ ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು. ನಿನಗೆ ಬಿಪಿ ಬೇರೆ ಇದೆ. ನಮ್ಮ ಉತ್ತರಕ್ಕಿರುವ ಉದ್ದಾನಂ ಸೀಮೆಯ ಮಂದಿ ಮೂತ್ರಪಿಂಡದ ಕಾಯಿಲೆ ಹೊತ್ತು ಇಲ್ಲಿನ ಕಿಂಗ್ ಜಾರ್ಜ್ ಆಸ್ಪತ್ರೆಗೆ ಬರುವುದನ್ನು ನೋಡುತ್ತಲೇ ಇದ್ದೇವೆ. ನಿಮ್ಮ ಎನ್‌ಟಿಆರ್ ಜಿಲ್ಲೆಯ ಎ. ಕೊಂಡೂರಿನ ತಾಂಡಾಗಳಲ್ಲೂ ಅದೇ ಗೋಳು. ಅಲ್ಲಿನ ಕಾಯಿಲೆಯ ಮೂಲ ಕಾರಣ ಇನ್ನೂ ಇತ್ಯರ್ಥವಾಗಿಲ್ಲ, ನೋವಿನ ಮಾತ್ರೆಯಿಂದಲೇ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಆಸ್ಪತ್ರೆಯ ಸಾಲಿನಲ್ಲಿ ಕೂತವರ ಮುಖ ನೋಡಿದ ಮೇಲೆ ಬೇಡದ ಮಾತ್ರೆಯೊಂದನ್ನು ನುಂಗಲು ಕೈ ಬಾರದು. ಮಂಡಿ ಚರ್ಮಕ್ಕೆ ಹತ್ತಿರದ ಕೀಲು, ಅದೇ ಔಷಧಿಯ ಜೆಲ್ ಹಚ್ಚಿದರೂ ಕೆಲಸ ಮಾಡುತ್ತದೆ, ಮೈಯೊಳಗೆ ಹೋಗುವುದು ಬಹಳ ಕಡಿಮೆ. ಡಾಕ್ಟರನ್ನು ಕೇಳಿ ಅದನ್ನು ಹಚ್ಚು. ಯಾರೋ ಕೊಟ್ಟ ಹೆಸರಿಲ್ಲದ ಪುಡಿಯ ಪೊಟ್ಟಣವನ್ನು ಮಾತ್ರ ಮುಟ್ಟಬೇಡ. ಎರಡೇ ದಿನದಲ್ಲಿ ನೋವು ಮಾಯ ಎಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ.

ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ, ಜೊತೆಗೆ ಜ್ವರ ಬಂದರೆ, ಕಾಲು ಇದ್ದಕ್ಕಿದ್ದಂತೆ ಕುಸಿದರೆ ಅಥವಾ ಸಿಕ್ಕಿಹಾಕಿಕೊಂಡರೆ ವ್ಯಾಯಾಮ ಅಂತ ಕೂರಬೇಡ, ಅವತ್ತೇ ಆಸ್ಪತ್ರೆಗೆ ಹೋಗು. ಬೆನ್ನುನೋವಿನ ಜೊತೆ ಕಾಲಿಗೆ ಜೋಮು ಹಿಡಿದು ಮೂತ್ರದ ಹಿಡಿತ ತಪ್ಪಿದರೂ ಹಾಗೆಯೇ.

ನಿನಗೆ ಚಿಲುಕೂರಿ ಶಾಂತಮ್ಮನವರ ವಿಷಯ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಹುಟ್ಟಿದ್ದು 1929ರಲ್ಲಿ, ನಿಮ್ಮ ಕಡೆಯ ಮಚಲೀಪಟ್ಟಣದಲ್ಲಿ. ಇಲ್ಲಿಯ ಆಂಧ್ರ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ 1989ರಲ್ಲಿ ನಿವೃತ್ತರಾದರು. ನಿವೃತ್ತಿ ಎಂದರೆ ಮುಗಿಯಿತು ಎಂದುಕೊಳ್ಳಲಿಲ್ಲ. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಊರುಗೋಲು ಹಿಡಿದು, ತೊಂಬತ್ತು ದಾಟಿದ ಮೇಲೂ ವಿಶಾಖಪಟ್ಟಣದಿಂದ ವಿಜಯನಗರಂನ ಸೆಂಚೂರಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಹೇಳಿದರು. ಪತ್ರಿಕೆಯಲ್ಲಿ ಅವರ ಚಿತ್ರ ಬಂದಾಗ ಎಲ್ಲರೂ ಅವರ ವಯಸ್ಸನ್ನು ನೋಡಿದರು, ನಾನು ಊರುಗೋಲನ್ನು ನೋಡಿದೆ. ಕಾಲು ಸರಿಯಾಗಲಿ, ಆಮೇಲೆ ತರಗತಿಗೆ ಹೋಗುತ್ತೇನೆ ಎಂದಿದ್ದರೆ ಆ ಮಕ್ಕಳಿಗೆ ಆ ಪಾಠ ಸಿಗುತ್ತಿರಲಿಲ್ಲ. ಎಲ್ಲರೂ ಶಾಂತಮ್ಮ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಅವರಿಗೆ ಹೋಗಲು ಒಂದು ಜಾಗವಿತ್ತು, ಕಾಯುವ ಮಕ್ಕಳಿದ್ದರು. ನಿನಗೂ ಅಂಥದ್ದೊಂದು ಬೇಕು. ಪಕ್ಕದ ಮನೆಯ ಮಕ್ಕಳಿಗೆ ಕನ್ನಡ ಹಾಡು ಕಲಿಸುತ್ತಿದ್ದೆಯಲ್ಲ, ಯಾಕೆ ಬಿಟ್ಟೆ? ಇನ್ನೊಂದು, ನಾಳೆ ಡಾಕ್ಟರು ಮಂಡಿ ಬದಲಿಸೋಣ ಅಂದರೆ ಅದನ್ನು ಸೋಲು ಅಂತ ತಿಳಿಯಬೇಡ. ಶಸ್ತ್ರಚಿಕಿತ್ಸೆಗೆ ಮುಂಚೆ ಗಟ್ಟಿಯಾದ ತೊಡೆ ಆಮೇಲೂ ನಿನ್ನ ಕೈ ಹಿಡಿಯುತ್ತದೆ.

ನಾನು ಬೆಳಿಗ್ಗೆ ಬೀಚ್ ರಸ್ತೆಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ವಾಹನ ಬಿಡುವುದಿಲ್ಲ, ನಮ್ಮಂಥವರು ಹೆದರದೆ ನಡೆಯಬಹುದು. ಕುಂದಾಪುರದಲ್ಲಿ ಸೂರ್ಯ ಕಡಲಿಗಿಳಿಯುವುದನ್ನು ನೋಡಲು ಸಂಜೆ ಓಡುತ್ತಿದ್ದೆವು, ಇಲ್ಲಿ ಕಡಲಿನಿಂದ ಏಳುತ್ತಾನೆ, ಅದಕ್ಕೇ ನನಗೆ ಬೇಗ ಏಳುವ ಅಭ್ಯಾಸವಾಗಿದೆ. ಮನೆಗೆ ಬಂದು ಕುರ್ಚಿ ಹಿಡಿದು ನಾಲ್ಕು ಆಸನ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಪಟ್ಟಿ, ಮರದ ತುಂಡು ಎಲ್ಲವನ್ನೂ ಯೋಗಕ್ಕೆ ತಂದದ್ದು ಬಾಗಲಾರದವರೂ ಬಾಗಲಿ ಎಂದೇ ಅಲ್ಲವೇ? 2025ರ ಯೋಗ ದಿನಕ್ಕೆ ಇದೇ ಕಡಲ ದಂಡೆಯಲ್ಲಿ ಲಕ್ಷಾಂತರ ಜನ ಚಾಪೆ ಹಾಸಿದ್ದರು, ಪ್ರಧಾನಿಯೂ ಬಂದಿದ್ದರು. ನನಗೆ ನನ್ನ ಕುರ್ಚಿ ಸಾಕಾಗಿತ್ತು. ನಿಮ್ಮಲ್ಲಿ ಕಡಲ ಗಾಳಿಯಿಲ್ಲ, ಬೇಸಿಗೆಯಲ್ಲಿ ವಿಜಯವಾಡದ ಬಿಸಿಲು ಕೊಲ್ಲುತ್ತದೆ. ಆಗ ಮನೆಯೊಳಗೇ ಹಜಾರದಿಂದ ಅಡುಗೆಮನೆಗೆ ಸುತ್ತು ಹಾಕು. ಈಗ ಚಳಿಗಾಲ, ಬಸವಪುನ್ನಯ್ಯ ಸ್ಟೇಡಿಯಂ ದೂರವಿಲ್ಲ, ಬೆಳಿಗ್ಗೆ ಅಲ್ಲಿಯವರೆಗೆ ಹೋಗಿ ಕೂತು ಬಾ.

2016ರ ಆಗಸ್ಟಿನ ಕೃಷ್ಣಾ ಪುಷ್ಕರ ನೆನಪಿದೆಯಾ? ಇಬ್ಬರೂ ಕೈ ಹಿಡಿದು ಘಾಟಿನ ಮೆಟ್ಟಿಲಿಳಿದೆವು. ಈ ನೀರು ಆಲಮಟ್ಟಿ ದಾಟಿ ಬಂದದ್ದು, ನಮ್ಮ ನಾಡಿನದೇ ಎಂದು ನೀನು ಪಕ್ಕದ ಹೆಂಗಸಿಗೆ ತೆಲುಗಿನಲ್ಲಿ ಹೇಳಿದ್ದೆ. ಮುಂದಿನ ಪುಷ್ಕರ 2028ಕ್ಕೆ. ನನಗೆ ಆ ಮೆಟ್ಟಿಲನ್ನು ನಿನ್ನ ಜೊತೆ ಇನ್ನೊಮ್ಮೆ ಇಳಿಯುವ ಆಸೆ. ಇನ್ನೂ ಸಮಯವಿದೆ, ಐದು ಐದು ಸಲ ಎದ್ದು ಕೂತರೂ ಅಷ್ಟರಲ್ಲಿ ಕಾಲು ಬೇರೆಯೇ ಆಗುತ್ತದೆ.

ಅದಕ್ಕೆ ಮುಂಚೆ ನೀನು ಇಲ್ಲಿಗೆ ಬರಬೇಕು. ಸಂಕ್ರಾಂತಿಯ ಹೊತ್ತಿಗೆ ರೈಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಹಬ್ಬ ಕಳೆದು ಬಾ. ರತ್ನಾಚಲ ಎಕ್ಸ್‌ಪ್ರೆಸ್ ಬೆಳಿಗ್ಗೆ ಬಿಟ್ಟು ಮಧ್ಯಾಹ್ನಕ್ಕೆ ತಲುಪಿಸುತ್ತದೆ, 350 ಕಿಲೋಮೀಟರು. ಮಗನಿಗೆ ಹೇಳಿ ನಡುದಾರಿಯ ಪಕ್ಕದ ಸೀಟು ಮಾಡಿಸು. ಏಲೂರು, ರಾಜಮಂಡ್ರಿ, ಸಾಮರ್ಲಕೋಟದಲ್ಲಿ ರೈಲು ನಿಂತಾಗ ಎದ್ದು ಸೀಟು ಹಿಡಿದು ಹಿಮ್ಮಡಿ ಎತ್ತು. ಪಕ್ಕದವರು ನೋಡಿದರೆ ನೋಡಲಿ. ಬರುವಾಗ ನಿನ್ನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬಾ, ಖಾಲಿ ಪಟ್ಟಿಗಳನ್ನೂ ಎಸೆಯಬೇಡ, ನಮ್ಮ ಡಾಕ್ಟರಿಗೆ ತೋರಿಸೋಣ. ಬಚ್ಚಲಿನಲ್ಲಿ ಕಮೋಡಿನ ಎರಡೂ ಪಕ್ಕ ಹಿಡಿಕೆ ಹಾಕಿಸಿದ್ದೇನೆ, ಮಂಚದ ಎತ್ತರವನ್ನೂ ಏರಿಸಿದ್ದೇನೆ. ಉತ್ತರ ಬರೆ. ಕುರ್ಚಿಯಿಂದ ಎಷ್ಟು ಸಲ ಎದ್ದೆ ಎನ್ನುವುದನ್ನು ಮೊದಲ ಸಾಲಿನಲ್ಲೇ ಬರೆ, ಉಳಿದ ಸುದ್ದಿ ಆಮೇಲೆ.

ನಿನ್ನ,
ಅಕ್ಕ